ಬಣ್ಣ ಕಡಿಮೆ, ನೊರೆ ಜಾಸ್ತಿ

ನಮ್ಮ ಮನೆಯಲ್ಲಿ ಈಗ ಯಾರ ಮೂತ್ರದಲ್ಲೂ ನೊರೆ ಬರುವುದಿಲ್ಲ. ಮೊದಲ ವಾಕ್ಯದಲ್ಲೇ ಮೂತ್ರದ ಸುದ್ದಿ ತೆಗೆದಳಲ್ಲ ಎಂದು ಮೂಗು ಮುರಿಯುವವರು ಇಲ್ಲಿಗೇ ಓದು ನಿಲ್ಲಿಸಬಹುದು, ನನಗೇನೂ ಬೇಸರವಿಲ್ಲ. ಒಂದೂವರೆ ವರ್ಷ ನಾನು ಬೆಳಿಗ್ಗೆ ಎದ್ದು ಮೊದಲು ನೋಡಿದ್ದು ದೇವರ ಫೋಟೋವನ್ನಲ್ಲ, ಸಂಡಾಸಿನ ನೀರನ್ನು. ಈಗ ಗುಣವಾಗಿದ್ದೇನೆ, ಸಿಟ್ಟು ಮಾತ್ರ ಇಳಿದಿಲ್ಲ. ನನ್ನ ಹಾಗೆ ಕನ್ನಡಿಯ ಮುಂದೆ ನಿಂತು, ಹೆಸರಿಲ್ಲದ ಡಬ್ಬಿಗೆ ಬೆರಳು ಹಾಕುತ್ತಿರುವವರು ಯಾರಾದರೂ ಇದ್ದರೆ ಅವರಿಗೋಸ್ಕರ ಬರೆಯುತ್ತಿದ್ದೇನೆ.

ನನ್ನ ಹೆಸರು ವಸಂತಿ, ವಯಸ್ಸು ನಲವತ್ತನಾಲ್ಕು. ಅಪ್ಪ ಉಡುಪಿ ಕಡೆಯಿಂದ ಬಂದು ಠಾಣೆಯ ಹೋಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವರು, ನಾನು ಹುಟ್ಟಿದ್ದು ಅಲ್ಲೇ. ಮದುವೆಯಾಗಿ ಡೊಂಬಿವಲಿಗೆ ಬಂದೆ. ಗಂಡ ಸುಧಾಕರ ಅಂಬರನಾಥದಲ್ಲಿ ಫ್ಯಾಕ್ಟರಿಗಳ ಪಕ್ಕದ ಒಂದು ಹೋಟೆಲಿನ ಮ್ಯಾನೇಜರ್. ನಾನು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಒಂದು ಸಣ್ಣ ಆಫೀಸಿನಲ್ಲಿ ಲಾರಿಗಳ ಕಾಗದಪತ್ರ ನೋಡಿಕೊಳ್ಳುತ್ತೇನೆ. ದಿನಾ ಬಸ್ಸು, ದಿನಾ ಧೂಳು.

ನಮ್ಮ ಜನ ಯಾರನ್ನೂ ಕಪ್ಪು ಎನ್ನುವುದಿಲ್ಲ. ಅಷ್ಟು ಮರ್ಯಾದೆ ಉಂಟು. "ಹುಡುಗಿ ಒಳ್ಳೆಯವಳು, ಸ್ವಲ್ಪ ಬಣ್ಣ ಕಡಿಮೆ" ಎನ್ನುತ್ತಾರೆ. ಸಾರಿಗೆ ಉಪ್ಪು ಕಡಿಮೆ ಎನ್ನುವ ಹಾಗೆ, ಇನ್ನೊಂದು ಚಮಚ ಹಾಕಿದರೆ ಸರಿಹೋಗುತ್ತದೆ ಎನ್ನುವ ಹಾಗೆ. ನನ್ನ ಬಗ್ಗೆ ಈ ಮಾತನ್ನು ಮೊದಲು ಆಡಿದ್ದು ನನ್ನ ಅಮ್ಮ. ನೋಡಲು ಬಂದ ಗಂಡಿನವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ, ಅವರು ಹೇಳುವುದಕ್ಕಿಂತ ತಾನೇ ಹೇಳಿಬಿಡುವುದು ವಾಸಿ ಎಂದು ಅಮ್ಮ ಹೇಳಿಬಿಡುತ್ತಿದ್ದಳು. ಸುಧಾಕರ ಮಾತ್ರ ಬಣ್ಣದ ಬಗ್ಗೆ ಏನೂ ಕೇಳಲಿಲ್ಲ. ಅದಕ್ಕೇ ಅವನನ್ನು ಮದುವೆಯಾದೆ. ಆಮೇಲೆ ಇಪ್ಪತ್ತು ವರ್ಷ ಈ ಮಾತು ನನ್ನನ್ನು ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಸುಳ್ಳು.

ಠಾಣೆಯಲ್ಲಿರುವ ನನ್ನ ಅಣ್ಣನ ಮಗಳು ಶ್ರಾವ್ಯಾಳಿಗೆ ಖಾರಘರದ ಒಂದು ಮನೆಯಿಂದ ಸಂಬಂಧ ಬಂತು. ಮಾತುಕತೆಗೆ ಎಲ್ಲರೂ ಹೋದೆವು. ಗುಡ್ಡದ ಕೆಳಗೆ ಮೂವತ್ತು ಮಾಳಿಗೆಯ ಟವರ್. ಅಣ್ಣ, ಜಯ ಅತ್ತಿಗೆ, ಶ್ರಾವ್ಯ, ಅಮ್ಮ ಮುಂದಿನ ರಿಕ್ಷಾದಲ್ಲಿ ಹೋಗಿ ಒಳಗೆ ಸೇರಿದ್ದರು. ನಾನು ಹಣ್ಣಿನ ಚೀಲ ಹಿಡಿದು ಹಿಂದಿನಿಂದ ಬಂದೆ. ಗೇಟಿನ ವಾಚ್‌ಮನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರ್ವಿಸ್ ಲಿಫ್ಟ್ ಪೀಛೆ ಹೈ, ಬಾಯಿ" ಎಂದ. ಮನೆಗೆಲಸದವರು ಹಿಂದಿನಿಂದ ಹೋಗಬೇಕಂತೆ. ನಾನು ಉಟ್ಟದ್ದು ಮೈಸೂರು ಸಿಲ್ಕ್. ಅವನಿಗೆ ಸೀರೆ ಕಾಣಲಿಲ್ಲ.

ಜಗಳ ಮಾಡಬಹುದಿತ್ತು. ಬಾಯಿ ನನಗೆ ಇಲ್ಲದ್ದಲ್ಲ, ಕಳಂಬೋಲಿಯ ಲಾರಿ ಡ್ರೈವರುಗಳನ್ನು ಕೇಳಿ. ಆದರೆ ಹುಡುಗಿಯ ಸಂಬಂಧದ ದಿನ, ಗೇಟಿನಲ್ಲಿ ರಾದ್ಧಾಂತ ಬೇಡ ಎಂದು ಸುಮ್ಮನೆ ಹಿಂದಿನ ಲಿಫ್ಟಿನಲ್ಲಿ, ಕಸದ ಡಬ್ಬದ ಜೊತೆ ಹದಿನೆಂಟನೇ ಮಾಳಿಗೆಗೆ ಹೋದೆ. ವಾಪಸು ಬರುವಾಗ ಜಯ ಅತ್ತಿಗೆಗೆ ಹೇಳಿದೆ. ಅವಳು ನಕ್ಕಳು. ಮರುವಾರ ನನ್ನ ಮನೆಗೆ ಬಂದವಳು ಬಿಳಿ ಡಬ್ಬಿಯೊಂದನ್ನು ಕೈಗಿಟ್ಟಳು. ಲೇಬಲ್ ಇಲ್ಲ, ಮುಚ್ಚಳದ ಮೇಲೆ ಒಂದು ಗುಲಾಬಿಯ ಚಿತ್ರ.

"ನಮ್ಮ ಪಾರ್ಲರಿನವಳೇ ಕೊಡುದು. ಮದುವೆ ಫೋಟೋದಲ್ಲಿ ಎಲ್ಲರೂ ಚಂದ ಕಾಣ್ಬೇಕಲ್ಲ, ವಸಂತಿ. ಶ್ರಾವ್ಯಾನೂ ಹಚ್ತಿದ್ದಾಳೆ."

ಅತ್ತಿಗೆ ಹುಟ್ಟಾ ಬಿಳಿ. ಅವಳಿಗೆ ಆ ಡಬ್ಬಿಯ ಅಗತ್ಯ ಯಾವತ್ತೂ ಬಂದಿಲ್ಲ.

ಹಚ್ಚಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೂರು ವಾರದಲ್ಲಿ ಮುಖ ತಿಳಿಯಾಯಿತು. ನಮ್ಮ ಕನ್ನಡ ಸಂಘದ ಪೂಜೆಗೆ ಹೋದರೆ ಹೆಂಗಸರು ಸುತ್ತ ನಿಂತು, "ಎಂತ ಮಾರಾಯ್ತಿ, ಏನು ಮಾಡ್ತಿ?" ಎಂದು ಕೇಳಿದರು. ಕಡಲೆಹಿಟ್ಟು, ಅರಶಿನ ಎಂದೆ. ಗಂಡನಿಗೂ ಅದನ್ನೇ ಹೇಳಿದ್ದೆ. ಡಬ್ಬಿಯನ್ನು ಹಪ್ಪಳದ ಡಬ್ಬದ ಹಿಂದೆ ಇಡುತ್ತಿದ್ದೆ. ನನಗೆ ಆ ದಿನಗಳು ಬಹಳ ಖುಷಿ ಕೊಟ್ಟವು, ಅದನ್ನೂ ಮುಚ್ಚಿಡುವುದಿಲ್ಲ. ಬಸ್ಸಿನ ಕಿಟಕಿಯಲ್ಲಿ ನನ್ನ ಮುಖ ಕಂಡರೆ ಮತ್ತೊಮ್ಮೆ ನೋಡುತ್ತಿದ್ದೆ. ಇವತ್ತು ಸಿಟ್ಟು ಬರುವುದು ಆ ಖುಷಿಯ ಮೇಲೆಯೇ.

ನೊರೆ ಶುರುವಾದದ್ದು ಮೂರನೇ ತಿಂಗಳಿಗೆ. ಫಿನಾಯಿಲ್ ಜಾಸ್ತಿ ಹಾಕಿದ್ದಕ್ಕೆ ಎಂದುಕೊಂಡು ಫಿನಾಯಿಲ್ ಬದಲಾಯಿಸಿದೆ. ನೊರೆ ಹೋಗಲಿಲ್ಲ. ಆಮೇಲೆ ಬಳೆ ಕೈಯಲ್ಲಿ ಕಚ್ಚಿಕೊಂಡಿತು, ಚಪ್ಪಲಿ ಬಿಗಿಯಾಯಿತು, ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಭಾರ. ಠಾಣೆಗೆ ಹೋದಾಗ ಅಮ್ಮ ನನ್ನ ಗಲ್ಲ ಹಿಡಿದು, "ಈಗ ಮೈ ತುಂಬ್ಕೊಂಡಿದ್ದಿ. ಬಣ್ಣವೂ ಬಂತು, ಮೈಯೂ ಬಂತು. ದೃಷ್ಟಿ ತೆಗಿಬೇಕು" ಎಂದು ಉಪ್ಪು ಮೆಣಸು ನಿವಾಳಿಸಿದಳು. ಇಡೀ ಊರು ನನಗೆ ಒಂದೇ ಮಾತು ಹೇಳುತ್ತಿತ್ತು: ಸುಖ ಹತ್ತಿದೆ, ಗಂಡ ಚೆನ್ನಾಗಿ ನೋಡಿಕೊಳ್ಳುತ್ತಾನೆ, ಮೈ ತುಂಬಿದೆ. ನನ್ನ ಕಿಡ್ನಿ ಸೋರುತ್ತಿತ್ತು, ನಮ್ಮ ಜನ ದೃಷ್ಟಿ ತೆಗೆಯುತ್ತಿದ್ದರು.

ನಿಜ ಹೇಳಿದವಳು ಒಬ್ಬಳೇ, ನಮ್ಮ ಆಫೀಸಿನಲ್ಲಿ ಕಸ ಗುಡಿಸುವ ಯಲ್ಲವ್ವ, ವಿಜಯಪುರದ ಕಡೆಯವಳು. ಒಂದು ದಿನ ನಾನು ಕುರ್ಚಿಯಲ್ಲಿ ಕಾಲು ನೀವಿಕೊಳ್ಳುತ್ತಿದ್ದಾಗ ಕಸಬರಿಗೆ ಬದಿಗಿಟ್ಟು ನೆಲದ ಮೇಲೆ ಕೂತಳು.

"ಅಕ್ಕಾರ, ಇದು ದಪ್ಪ ಆಗಿದ್ದಲ್ಲರಿ. ಬಾತದ ನೋಡ್ರಿ" ಎಂದು ನನ್ನ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ನಾವಿಬ್ಬರೂ ಆ ಕುಳಿಯನ್ನೇ ನೋಡುತ್ತಾ ಕೂತೆವು. ಅದು ತುಂಬಲು ಬಹಳ ಹೊತ್ತು ಹಿಡಿಯಿತು. "ನಮ್ಮ ಅತ್ತಿಗೂ ಹಿಂಗ ಆಗಿತ್ರಿ. ಲಗೂನ ತೋರಿಸ್ರಿ" ಎಂದಳು. ಅವಳ ಅತ್ತೆಗೆ ಏನಾಯಿತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆ. ರಿಪೋರ್ಟಿನಲ್ಲಿ ಪ್ರೋಟೀನ್ ಎಂದು ಬರೆದ ಸಾಲಿನ ಮುಂದೆ ನಾಲ್ಕು ಪ್ಲಸ್. ನಮ್ಮ ಫ್ಯಾಮಿಲಿ ಡಾಕ್ಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ ಓದಿ, ಕಿಡ್ನಿ ಡಾಕ್ಟರಿಗೆ ಚೀಟಿ ಬರೆದರು. ಪ್ರೋಟೀನ್ ಮೂತ್ರದಲ್ಲಿ ಹೋಗುತ್ತಿದೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಹೋಟೆಲಿನವರ ಮನೆ ನಮ್ಮದು, ಪಾತ್ರೆಯಲ್ಲಿ ಖಾಲಿಯಾದರೆ ತುಂಬಿಸಬೇಕು, ಅಷ್ಟೇ ಗೊತ್ತು. ಅಮ್ಮ ಹುರುಳಿ ಬೇಯಿಸಿ ಕಳಿಸಿದಳು, ಅಣ್ಣ ಪ್ರೋಟೀನ್ ಪುಡಿಯ ದೊಡ್ಡ ಡಬ್ಬ ತಂದಿಟ್ಟ, ಸುಧಾಕರ ದಿನಾ ನಾಲ್ಕು ಮೊಟ್ಟೆ ಬೇಯಿಸಿದ. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ನಾನು ಮುಖಕ್ಕೆ ಹಚ್ಚುವುದನ್ನೂ ಬಿಟ್ಟಿರಲಿಲ್ಲ. ಕಾಯಿಲೆಯವಳ ಮುಖವಾದರೂ ಬೆಳ್ಳಗಿರಲಿ ಎಂದು ಇನ್ನೂ ಸ್ವಲ್ಪ ಜಾಸ್ತಿಯೇ ಹಚ್ಚಿಕೊಂಡೆ.

ಕಿಡ್ನಿ ಡಾಕ್ಟರಿದ್ದ ಠಾಣೆಯ ಆಸ್ಪತ್ರೆಯ ಎರಡನೇ ಮಾಳಿಗೆಯಲ್ಲಿ ಕಾದ ಹೊತ್ತೆಲ್ಲ ಸೇರಿಸಿದರೆ ಒಂದು ಡಿಗ್ರಿ ಓದಿ ಮುಗಿಸಬಹುದಿತ್ತು. ಸ್ಟೀಲಿನ ಕುರ್ಚಿಗಳು, ಮೇಲೆ ಸದ್ದು ತೆಗೆದ ಟಿವಿ. ಒಂದು ಬದಿಗೆ ಡಯಾಲಿಸಿಸ್ಸಿನ ಬಾಗಿಲು. ಅಲ್ಲಿಂದ ಕೈಗೆ ಪಟ್ಟಿ ಕಟ್ಟಿಕೊಂಡು ಹೊರಗೆ ಬರುವವರನ್ನು ಕಂಡರೆ ನಾನು ಕಣ್ಣು ತಗ್ಗಿಸುತ್ತಿದ್ದೆ. ಒಮ್ಮೆ ಒಬ್ಬ ಅಜ್ಜ ಪಕ್ಕದಲ್ಲಿ ಕೂತು ಮರಾಠಿಯಲ್ಲಿ, "ಮೊದಲ ಸಲವೇ? ಎಲ್ಲರೂ ಆ ಬಾಗಿಲಿನ ತನಕ ಹೋಗುವುದಿಲ್ಲ, ಮಗಳೇ" ಎಂದ. ಆ ಮಾತು ಹಿಡಿದುಕೊಂಡೇ ಎಷ್ಟೋ ದಿನ ಕಳೆದೆ.

ಕಿಡ್ನಿ ಡಾಕ್ಟರು ನನ್ನದೇ ವಯಸ್ಸಿನ ಮರಾಠಿ ಹೆಂಗಸು. ನನಗೂ ಹಿಂದಿ ಮರಾಠಿ ನೀರು ಕುಡಿದ ಹಾಗೆ, ಮಾತಿಗೆ ತೊಂದರೆ ಆಗಲಿಲ್ಲ. ಕಿಡ್ನಿ ಎಂದರೆ ಚಹಾ ಸೋಸುವ ಜಾಲರಿಯ ಹಾಗೆ ಅಲ್ಲವೇ, ತೂತು ದೊಡ್ಡದಾಗಿದೆಯೇ ಎಂದು ಸುಧಾಕರ ಕೇಳಿದ.

"ಜಾಲರಿ ಆಗಿದ್ದರೆ ಸುಲಭವಿತ್ತು" ಎಂದರು. "ಅದು ಎಳೆ ಎಳೆಯಾಗಿ ಹೆಣೆದ, ನೀರು ಕುಡಿದು ಉಬ್ಬಿದ ಲೋಳೆಯಂಥ ತೆಳ್ಳನೆ ಪದರ. ನಿಮ್ಮ ಸೊಸೈಟಿಯ ಗೇಟ್ ನೆನಪಿಸಿಕೊಳ್ಳಿ. ಗೇಟು ಎಷ್ಟು ಅಗಲ ಎನ್ನುವುದು ಒಂದು, ಅಲ್ಲಿ ಕೂತವನು ಯಾರನ್ನು ಬಿಡುತ್ತಾನೆ ಎನ್ನುವುದು ಇನ್ನೊಂದು. ನೀರು, ಉಪ್ಪು, ಹೊಲಸು, ಹೊರಗೆ ಹೋಗಬಹುದು. ಪ್ರೋಟೀನ್ ಬಂದರೆ ಆ ಪದರ ದೂರದಿಂದಲೇ ತಳ್ಳುತ್ತದೆ. ಎರಡರ ಮೇಲೂ ಒಂದೇ ಥರದ ವಿದ್ಯುತ್ತು ಇರುವುದರಿಂದ ಹತ್ತಿರ ಸೇರುವುದಿಲ್ಲ. ನಿಮ್ಮ ಗೇಟಿನಲ್ಲಿ ಈಗ ಯಾರು ಬೇಕಾದರೂ ಹೊರಗೆ ಹೋಗುತ್ತಿದ್ದಾರೆ. ಯಾಕೆ ಎಂದು ನನಗೆ ಗೊತ್ತಾಗಬೇಕು."

ಗೇಟಿನ ಮಾತು ಬಂದ ಕೂಡಲೇ ನನಗೆ ಖಾರಘರದ ವಾಚ್‌ಮನ್ ಕಣ್ಣಮುಂದೆ ಬಂದ. ಅಷ್ಟರಲ್ಲಿ ಡಾಕ್ಟರು ಕೇಳಿದರು: "ಮುಖಕ್ಕೆ ಏನು ಹಚ್ಚುತ್ತೀರಿ?"

ಸುಧಾಕರ ಪಕ್ಕದಲ್ಲೇ ಕೂತಿದ್ದ. "ಕಡಲೆಹಿಟ್ಟು, ಅರಶಿನ" ಎಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಕತ್ತು ನೋಡಿದರು. ಮುಖಕ್ಕೂ ಕತ್ತಿಗೂ ಎರಡು ಬಣ್ಣ. ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಗೆ ಬರೆದರು.

ಬಯಾಪ್ಸಿಯಲ್ಲಿ ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ಸುತ್ತಿದ ಬಟ್ಟೆಯಿಟ್ಟು, ಬೆನ್ನಿನಿಂದ ಸೂಜಿ ಹಾಕುತ್ತಾರೆ. ಉಸಿರು ಹಿಡಿ ಎಂದರು, ಹಿಡಿದೆ. ಸ್ಟೇಪ್ಲರ್ ಒತ್ತಿದ ಹಾಗೆ ಒಂದು ಸದ್ದು. ಮತ್ತೆ ಉಸಿರು ಹಿಡಿ, ಮತ್ತೆ ಸದ್ದು. ಆಮೇಲೆ ಇಡೀ ದಿನ ಅಲುಗಾಡದೆ ಮಲಗಬೇಕು. ವಾರ್ಡಿನ ಆಯಾ, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವವಳು, ಸ್ಟ್ರಾ ಹಾಕಿದ ಲೋಟದಲ್ಲಿ ಚಹಾ ತಂದು ನನ್ನ ಬಾಯಿಗೆ ಹಿಡಿದಳು. ಕೆನ್ನೆಗೆ ಇಳಿದ ಚಹಾವನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಸೆರಗಿಗೆ ನನ್ನ ಮುಖದ ಬಿಳಿ ಹತ್ತಿತು. ಅವಳು ನೋಡಿದಳು, ನಾನೂ ನೋಡಿದೆ. ನನಗೆ ಅಳು ಬಂತು, ನೋವಿಗೆ ಎಂದುಕೊಂಡು ಅವಳು ನರ್ಸನ್ನು ಕರೆದಳು.

ರಿಪೋರ್ಟ್ ಬಂದ ದಿನ ಡಾಕ್ಟರು ಸುಧಾಕರನನ್ನು ಏನೋ ಕಾಗದ ತರಲು ಕೆಳಗೆ ಕಳಿಸಿ ಬಾಗಿಲು ಹಾಕಿದರು. "ಈಗ ಹೇಳಿ. ಡಬ್ಬಿ ಯಾವುದು?"

ಹೇಳಿದೆ. ಮರುದಿನ ಡಬ್ಬಿಯನ್ನೂ ತಂದುಕೊಟ್ಟೆ. ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಪಾದರಸ ಇತ್ತು, ನನ್ನ ರಕ್ತದಲ್ಲೂ ಇತ್ತು. ಪಾದರಸ ಇರಬೇಕಾದದ್ದು ಹಳೇ ಥರ್ಮಾಮೀಟರಿನಲ್ಲಿ, ನನ್ನ ಮುಖದಲ್ಲಿ ಅದಕ್ಕೇನು ಕೆಲಸ? ಚರ್ಮವೂ ಒಂದು ಗೇಟೇ ಅಂತೆ, ಅದನ್ನು ದಾಟಿಸಲು ಕ್ರೀಮಿನ ಜಿಡ್ಡು ಸಾಕಾಯಿತಂತೆ. ಒಳಗೆ ಹೋದ ವಿಷದ ಗಲಾಟೆಗೆ ಮೈಯ ಕಾವಲಿನವರೇ ತಲೆಕೆಟ್ಟು, ಕಿಡ್ನಿಯ ಆ ಪದರದ ಮೇಲೆ ಗುಂಪುಗಟ್ಟಿ, ಅದನ್ನು ಹಾಳು ಮಾಡಿದರಂತೆ. ನಲವತ್ತಕ್ಕೂ ಹೆಚ್ಚು ವರ್ಷ ಒಂದು ದಿನ ರಜೆ ಕೇಳದೆ, ನನ್ನ ಬಣ್ಣ ಎಷ್ಟು ಎಂದು ಕೇಳದೆ, ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಕಳಿಸುತ್ತಿದ್ದ ಪದರ. ಅದನ್ನು ನಾನು ಒಬ್ಬ ವಾಚ್‌ಮನ್‌ನ ಮಾತಿಗೆ ಹಾಳು ಮಾಡಿಕೊಂಡೆ.

"ಹಚ್ಚುವುದು ನಿಲ್ಲಿಸಿದರೆ ನಿಮ್ಮಂಥವರಲ್ಲಿ ತುಂಬ ಜನಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ" ಎಂದರು ಡಾಕ್ಟರು. ಬಿಪಿಯ ಒಂದು ಮಾತ್ರೆ, ನೀರು ಇಳಿಯಲು ಒಂದು ಮಾತ್ರೆ, ಉಪ್ಪು ಕಡಿಮೆ, ಪ್ರೋಟೀನ್ ಪುಡಿ ಕಸಕ್ಕೆ. "ಮನೆಯಲ್ಲಿ ಬೇರೆ ಯಾರಾದರೂ ಹಚ್ಚುತ್ತಿದ್ದಾರಾ?"

ಶ್ರಾವ್ಯ. ಮದುವೆಗೆ ಇನ್ನು ಆರು ವಾರ.

ಆಸ್ಪತ್ರೆಯ ಮೆಟ್ಟಿಲಿನಿಂದಲೇ ಅತ್ತಿಗೆಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ದನಿ ತಗ್ಗಿಸಿ, "ವಸಂತಿ, ಒಂದು ಉಪಕಾರ ಮಾಡು. ಈ ಮಾತು ಖಾರಘರದವರಿಗೆ ಗೊತ್ತಾಗುದು ಬೇಡ. ಕಿಡ್ನಿ ಕಾಯಿಲೆ ಅಂದ್ರೆ ವಂಶದಲ್ಲೇ ಉಂಟು ಅಂದ್ಕೊಳ್ತಾರೆ" ಎಂದಳು.

"ಅತ್ತಿಗೆ, ಶ್ರಾವ್ಯಾಳ ಮೂತ್ರ ಪರೀಕ್ಷೆ ಮಾಡಿಸ್ಬೇಕು."

"ಅವಳಿಗೆ ಎಂತ ಆಗ್ಲಿಲ್ಲ. ಅವಳು ಮೈ ತುಂಬ್ಕೊಂಡು ಚಂದ ಆಗಿದ್ದಾಳೆ."

ಅಮ್ಮ ನನಗೆ ಹೇಳಿದ್ದೂ ಇದನ್ನೇ. ಕೆಳಗಿನ ಲ್ಯಾಬಿನಿಂದ ಮೂತ್ರಕ್ಕೆ ಕೊಡುವ ಮುಚ್ಚಳದ ಡಬ್ಬಿ ಕೇಳಿದೆ. ಒಂದು ಸಾಕಿತ್ತು, ಕೌಂಟರಿನವಳು ಎರಡು ಕೊಟ್ಟಳು. ಕೆಳಗೆ ಕಾಯುತ್ತಿದ್ದ ಸುಧಾಕರ ರಿಕ್ಷಾ ಹಿಡಿದ. ದಾರಿಯಲ್ಲಿ ಅವನಿಗೆ ಎಲ್ಲ ಹೇಳಿದೆ, ಹಪ್ಪಳದ ಡಬ್ಬದ ಹಿಂದಿನದ್ದೂ ಸೇರಿ. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ನಾನು ಒಂದು ದಿನವಾದ್ರೂ ಬಣ್ಣ ಕೇಳಿದ್ನಾ?" ಎಂದಷ್ಟೇ ಹೇಳಿ ಹೊರಗೆ ನೋಡುತ್ತಾ ಕೂತ.

ಅಣ್ಣನ ಮನೆಯ ಹಾಲಿನಲ್ಲಿ ಸೀರೆಗಳನ್ನು ಹರಡಿಕೊಂಡಿದ್ದರು. ಅಮ್ಮ ಮೂಲೆಯ ಕುರ್ಚಿಯಲ್ಲಿ ಜಪಮಾಲೆ ಹಿಡಿದಿದ್ದಳು. ಅಣ್ಣ ನನ್ನನ್ನು ಕಂಡವನೇ ಟಿವಿಯ ಕಡೆ ತಿರುಗಿದ. ನಾನು ಲ್ಯಾಬಿನ ಒಂದು ಡಬ್ಬಿಯನ್ನು ಸೀರೆಗಳ ಮೇಲೆ ಇಟ್ಟೆ.

"ಎಂಥ ಅಪಶಕುನ ಇದು" ಎಂದಳು ಅತ್ತಿಗೆ. "ಹುಡುಗಿಯ ಧಾರೆ ಸೀರೆ ಅದು."

ಶ್ರಾವ್ಯಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಅತ್ತೆ, ಛೋಡೋ ನಾ. ಶಾದಿ ತಕ್ ಹೀ ತೋ ಲಗಾನಾ ಹೈ" ಎಂದಳು. ಮದುವೆಯವರೆಗೆ ಮಾತ್ರವಂತೆ.

"ಆಮೇಲೆ ಬಣ್ಣ ವಾಪಸು ಬಂದಾಗ ಗಂಡನಿಗೆ ಏನು ಹೇಳ್ತಿ? ಬಿಸಿಲು ಅಂತ್ಲಾ?"

ನಾನು ಅವಳ ಎದುರು ನೆಲದ ಮೇಲೆ ಕೂತು, ಸೀರೆ ಸ್ವಲ್ಪ ಎತ್ತಿ, ನನ್ನ ಕಾಲಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಕುಳಿ ನೋಡಿ ಅವಳು ಮುಖ ಕಿವುಚಿದಳು. "ಈಗ ನಿನ್ನದು ಒತ್ತು" ಎಂದೆ. ಅವಳು ಲೆಗ್ಗಿಂಗ್ಸ್ ಮೇಲೆ ಸರಿಸಿ, ನನ್ನ ಬಾಯಿ ಮುಚ್ಚಿಸಬೇಕೆಂದೇ ಜೋರಾಗಿ ಒತ್ತಿ, ಬೆರಳು ತೆಗೆದಳು.

ಕುಳಿ ಅಲ್ಲೇ ಇತ್ತು.

ಅವಳು ಇನ್ನೊಂದು ಕಾಲಿನಲ್ಲಿ ಒತ್ತಿದಳು. ಅಲ್ಲೂ ಇತ್ತು. ಅಣ್ಣ ಟಿವಿ ಆರಿಸಿದ. ಶ್ರಾವ್ಯ ಎದ್ದು, ಧಾರೆ ಸೀರೆಯ ಮೇಲಿದ್ದ ಡಬ್ಬಿ ಎತ್ತಿಕೊಂಡು ಬಾತ್‌ರೂಮಿಗೆ ಹೋದಳು. ಅತ್ತಿಗೆ ಅದೇ ಸೀರೆಯನ್ನು ಮಡಚುತ್ತಾ ಬಿಚ್ಚುತ್ತಾ ಕೂತಳು. ಅವಳ ಮೇಲೆ ಕೂಗಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ನಾನೇ ಕೊಟ್ಟದ್ದಲ್ವಾ" ಎಂದು ಅವಳು ಸೀರೆಗೆ ಹೇಳುವ ಹಾಗೆ ಹೇಳಿದಳು. ನಾನು ಹೌದು ಎಂದೆ. ಬೇರೆ ಏನು ಹೇಳಲಿ, ಅವಳೇ ಕೊಟ್ಟದ್ದು.

ಶ್ರಾವ್ಯಾಳಿಗೆ ಎರಡು ಪ್ಲಸ್ ಬಂತು. ಹುಡುಗನಿಗೆ ಅವಳೇ ಫೋನು ಮಾಡಿ ಹೇಳಿದಳು, ಯಾರನ್ನೂ ಕೇಳದೆ. ಅವನು ಮರುದಿನವೇ ಬಂದು ಅವಳ ಜೊತೆ ಅದೇ ಸ್ಟೀಲಿನ ಕುರ್ಚಿಯಲ್ಲಿ ಕೂತ. ಮದುವೆ ಗೊತ್ತಾದ ದಿನಕ್ಕೇ ನಡೆಯಿತು ಎಂದರೆ ಸುಳ್ಳಾಗುತ್ತದೆ, ನಾಲ್ಕು ತಿಂಗಳು ಮುಂದೆ ಹೋಯಿತು. ಹೋದರೆ ಹೋಗಲಿ. ಧಾರೆಯ ಹೊತ್ತಿಗೆ ಅವಳ ಬಣ್ಣ ಪೂರ್ತಿ ವಾಪಸು ಬಂದಿತ್ತು, ನನ್ನದೂ ಬಂದಿತ್ತು. ಪಾರ್ಲರಿನವಳ ಬಗ್ಗೆ ಡಾಕ್ಟರು ಬರೆಯಬೇಕಾದಲ್ಲಿಗೆ ಬರೆದರು, ನಾನೂ ಅರ್ಜಿ ಕೊಟ್ಟೆ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ, ಪಾರ್ಲರ್ ತೆರೆದೇ ಇತ್ತು, ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದಳು.

ಆದರೆ ಸಿಟ್ಟು ಇಳಿಯದಿರುವುದು ಅವಳೊಬ್ಬಳಿಂದ ಅಲ್ಲ. ಶ್ರಾವ್ಯ ಬಾತ್‌ರೂಮಿನಿಂದ ಹೊರಗೆ ಬಂದ ಮೇಲೆ ಆ ಮಧ್ಯಾಹ್ನ ಇನ್ನೂ ಒಂದು ಸಂಗತಿ ನಡೆಯಿತು.

ನಾನು ಹೊರಡಲು ಎದ್ದಾಗ ಅಮ್ಮ ಮೂಲೆಯ ಕುರ್ಚಿಯಿಂದ ಮೆಲ್ಲಗೆ ಕರೆದಳು. ಹತ್ತಿರ ಹೋದೆ. "ನನಗೂ ಒಂದು ಡಬ್ಬಿ ಕೊಡು" ಎಂದಳು.

ನನ್ನ ತಲೆ ಕೆಟ್ಟಿತು. "ಇಷ್ಟೆಲ್ಲ ಆದ ಮೇಲೂ ನಿನಗೆ ಆ ಡಬ್ಬಿ ಬೇಕಾ? ಈ ವಯಸ್ಸಲ್ಲಿ? ನಿನಗೆ ನಾಚಿಕೆ ಆಗುದಿಲ್ವಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ಅತ್ತಿಗೆಗೆ ಹೇಳದೆ ಉಳಿಸಿಕೊಂಡದ್ದೆಲ್ಲ ಅಮ್ಮನ ಮೇಲೆ ಸುರಿದೆ. ಹತ್ತೊಂಬತ್ತನೇ ವಯಸ್ಸಿನಿಂದ ಅವಳು ನನ್ನ ಬಗ್ಗೆ ಹೇಳಿದ ಪ್ರತಿಯೊಂದು ‘ಬಣ್ಣ ಕಡಿಮೆ’ಯನ್ನೂ ಎತ್ತಿ ಆಡಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, ನನ್ನ ಕೈಚೀಲದ ಕಡೆ ಬೆರಳು ತೋರಿಸಿದಳು.

"ಆ ಡಬ್ಬಿ ಅಲ್ಲ. ಲ್ಯಾಬಿಂದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮನಿಗೆ ಎಪ್ಪತ್ತೆರಡು ವರ್ಷ. ಶ್ರಾವ್ಯಾಳ ಕೋಣೆಯಲ್ಲೇ ಮಲಗುತ್ತಾಳೆ, ಅವಳ ಡಬ್ಬಿಯಿಂದಲೇ ದಿನಾ ಸ್ವಲ್ಪ ಸ್ವಲ್ಪ ತೆಗೆದು ಹಚ್ಚಿಕೊಳ್ಳುತ್ತಿದ್ದಳು.

"ಯಾಕಮ್ಮಾ?"

"ಫೋಟೋ ತೆಗೀತಾರಲ್ಲ" ಎಂದಳು. "ಅಜ್ಜಿಯನ್ನು ನೋಡಿ ಹುಡುಗಿಗೆ ಬಣ್ಣ ಎಲ್ಲಿಂದ ಕಡಿಮೆ ಆದ್ದು ಅಂತ ಗೊತ್ತಾಯ್ತು ಅಂತ ಜನ ಹೇಳುದು ಬೇಡ ಅಂತ." ಆಮೇಲೆ, "ನನಗೆ ನನ್ನ ಅತ್ತೆ ಧಾರೆಯ ದಿನವೇ ಬಣ್ಣ ಕಡಿಮೆ ಅಂತ ಹೇಳಿದ್ದರು" ಎಂದಳು.

ಚೀಲದಿಂದ ಎರಡನೇ ಡಬ್ಬಿ ತೆಗೆದು, ಮಾರ್ಕರಿನಿಂದ ಅಮ್ಮನ ಹೆಸರು ಬರೆದೆ, ವಯಸ್ಸು ಬರೆದೆ. ಅಮ್ಮ ಗೋಡೆ ಹಿಡಿದುಕೊಂಡು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದಳು. ನಾನು ಬಾಗಿಲ ಹೊರಗೆ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ, ಅಡುಗೆಮನೆಯಲ್ಲಿ ಏನೋ ಅಳತೆ ಕೇಳುವ ದನಿಯಲ್ಲಿ, ಅಮ್ಮ ಕೇಳಿದಳು:

"ವಸಂತೀ, ನೊರೆ ಅಂದ್ರೆ ಎಷ್ಟು ನೊರೆ?"